ಚಿತ್ರದ ಹಿಂದಿನ ಎರಡು ಸಾಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಛಾಯಾಚಿತ್ರ ಪ್ರದರ್ಶನದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಫೋಟೋ ತೆಗೆಯುವುದು ರಜೆಯ ದಿನದ ಹವ್ಯಾಸ. ಇವತ್ತು ಮೂರು ಕೋಣೆಗಳಲ್ಲಿ ಹಾಕಿರುವ ಚಿತ್ರಗಳನ್ನು ತೆಗೆದವರೂ ನನ್ನಂಥವರೇ. ಒಬ್ಬರು ಬ್ಯಾಂಕಿನಲ್ಲಿದ್ದಾರೆ, ಒಬ್ಬರು ನರ್ಸ್, ಇಬ್ಬರು ಮಾಸ್ತರರು, ಒಬ್ಬರದು ಬಟ್ಟೆ ಅಂಗಡಿ. ಸ್ಟುಡಿಯೋ ಇಟ್ಟವರು ಯಾರೂ ಇಲ್ಲ. ಪ್ರದರ್ಶನಕ್ಕೆ ಒಂದೇ ನಿಯಮ ಮಾಡಿಕೊಂಡೆವು: ಪ್ರತಿ ಚಿತ್ರದ ಕೆಳಗೆ ತೆಗೆದವರು ತಮ್ಮ ಕೈಯಾರೆ ಕೆಲವು ಸಾಲು ಬರೆಯಬೇಕು. ಎಲ್ಲಿ ತೆಗೆದದ್ದು, ಅದರಲ್ಲಿ ಯಾರಿದ್ದಾರೆ, ಏಕೆ ತೆಗೆಯಬೇಕೆನಿಸಿತು. ಸಂಜೆ ಅವರು ತಮ್ಮ ಚಿತ್ರದ ಪಕ್ಕದಲ್ಲಿ ನಿಂತಿರುತ್ತಾರೆ. ನೀವು ಏನು ಬೇಕಾದರೂ ಕೇಳಬಹುದು.

ಗೆಳೆಯನೊಬ್ಬ ಇದಕ್ಕೆ ತಕರಾರು ಮಾಡಿದ. "ಫೋಟೋನ ಮಾತಾಡಬೇಕಲ್ಲೋ, ಕೆಳಗ ಮತ್ತ ಬರವಣಿಗಿ ಯಾಕ?" ಎಂದ. ಅವನ ಮಾತಿನಲ್ಲಿ ಅರ್ಥವಿದೆ. ಸ್ಪರ್ಧೆಯಲ್ಲಿ ತೀರ್ಪುಗಾರರು ಚಿತ್ರವನ್ನು ನೋಡುತ್ತಾರೆ, ಕತೆ ಕೇಳುವುದಿಲ್ಲ. ಆದರೆ ನಮ್ಮದು ಸ್ಪರ್ಧೆಯಲ್ಲ. ಬರೆದಿಡುವುದು ಏಕೆ ಬೇಕು ಎಂಬುದನ್ನು ಕೆಲವು ಉದಾಹರಣೆಗಳಿಂದ ಹೇಳುತ್ತೇನೆ.

ಮೊದಲನೆಯದು ನಮ್ಮ ಧಾರವಾಡದ ಹೆಸರಿನದೇ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಚಿತ್ರಪುಸ್ತಕ ಹೊರಬಂತು. ಅದರ ಫೋಟೋಗಳನ್ನು ತೆಗೆದ ಡಾ. ಪಿಗೌ ವೈದ್ಯರು, ಕರ್ನಲ್ ಬಿಗ್ಸ್ ಫಿರಂಗಿ ದಳದ ಅಧಿಕಾರಿ, ಮೂರನೆಯವರು ನೀಲ್. ಛಾಯಾಗ್ರಹಣ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ. ಆ ಕಾಲದ ಭಾರವಾದ ಪೆಟ್ಟಿಗೆ ಕ್ಯಾಮೆರಾ ಹೊರಿಸಿಕೊಂಡು ಅವರು ನಮ್ಮ ಸೀಮೆಯ ಗುಡಿಗಳನ್ನು ಸುತ್ತಿದ್ದರು. ಪುಸ್ತಕ ಅಚ್ಚಾಗುವ ಹೊತ್ತಿಗೆ ಪಿಗೌ ಬದುಕಿರಲಿಲ್ಲ. ಚಿತ್ರಗಳಿಗೆ ಇತಿಹಾಸ ಬರೆದವರು ಮೆಡೋಸ್ ಟೇಲರ್, ಶಿಲ್ಪದ ವಿವರ ಬರೆದವರು ಫರ್ಗುಸನ್. ಆ ಬರಹ ಜೊತೆಗಿದ್ದುದರಿಂದ ಆ ಚಿತ್ರಗಳು ಇವತ್ತಿಗೂ ದಾಖಲೆಗಳಾಗಿ ಉಳಿದಿವೆ. ಇಲ್ಲದಿದ್ದರೆ ಯಾವುದೋ ಗುಡಿಯ, ಯಾವುದೋ ಕಂಬ ಅಷ್ಟೇ.

ಎರಡನೆಯದು ಸಂಡೂರಿನ ಎಂ. ವೈ. ಘೋರ್ಪಡೆಯವರದು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಬಜೆಟ್ ಮಂಡಿಸಿದ ಕೈಯಲ್ಲೇ ಕ್ಯಾಮೆರಾ ಹಿಡಿದು ಕಾಡು ಸುತ್ತಿ ಕಪ್ಪು-ಬಿಳುಪಿನಲ್ಲಿ ವನ್ಯಜೀವಿಗಳ ಚಿತ್ರ ತೆಗೆದರು. 1983ರಲ್ಲಿ ಬಂದ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಪುಸ್ತಕವನ್ನು ಅವರು ವನ್ಯಜೀವಿ ಛಾಯಾಗ್ರಾಹಕನ ದಿನಚರಿ ಎಂದೇ ಕರೆದರು. ಬರೀ ಆಲ್ಬಮ್ ಎನ್ನಲಿಲ್ಲ, ದಿನಚರಿ ಎಂದರು. ಇನ್ನು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ನೀವು ಪಾಠದಲ್ಲಿ ಓದಿದ್ದೀರಿ. ಅವರು ಕಾಫಿ ತೋಟ ನೋಡಿಕೊಂಡು, ಕಾದಂಬರಿ ಬರೆದುಕೊಂಡು, ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಹಕ್ಕಿಯ ಚಿತ್ರ ತೆಗೆದು ಸುಮ್ಮನಾಗದೆ ಅದರ ಬಗ್ಗೆ ಕನ್ನಡದಲ್ಲಿ ಬರೆದರು. ಮಿಂಚುಳ್ಳಿಯ ಗುರುತು ಅವರಿಂದಲೇ ಆದ ಎಷ್ಟೋ ಮನೆಗಳಿವೆ.

ಈಗ ನಮ್ಮ ದುರ್ಗದಬೈಲಿಗೆ ಬರೋಣ. ಮೊದಲ ಕೋಣೆಯಲ್ಲಿ ಮಿರ್ಚಿ-ಗಿರಮಿಟ್ ಗಾಡಿಯ ಚಿತ್ರವಿದೆ. ಸಂಜೆ ಏಳರ ಹೊತ್ತು, ಬಾಣಲೆಯಿಂದ ಹಬೆ ಏಳುತ್ತಿದೆ. ತೆಗೆದವರು ನಮ್ಮ ನರ್ಸ್ ಅಕ್ಕ. ಅವರ ಬರಹದಲ್ಲಿ ಎರಡು ವಿಷಯಗಳಿವೆ. ಒಂದು ತಾಂತ್ರಿಕ: ಮೊದಲ ದಿನದ ಚಿತ್ರಗಳಲ್ಲೆಲ್ಲ ಅಡ್ಡ ಪಟ್ಟಿಗಳು ಬಂದವು. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತದ್ದು, ಆದ್ದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಶಟರ್ ತೀರ ವೇಗವಾಗಿದ್ದರೆ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಇಳಿಸಿದಾಗ ಪಟ್ಟಿ ಹೋದವು. ಎಂಟನೇ ತರಗತಿಯ ವಿದ್ಯಾರ್ಥಿಗಳೇ, ವಿಜ್ಞಾನದ ಪಾಠ ಬಜಿ ಗಾಡಿಯ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಎರಡನೆಯ ವಿಷಯ ಇನ್ನೂ ಮುಖ್ಯ. ಕ್ಯಾಮೆರಾ ಎತ್ತುವ ಮೊದಲು ಅಕ್ಕ ಗಾಡಿಯವರನ್ನು ಕೇಳಿದ್ದರು. ಅವರು, "ತಗೀರಿ ಅಕ್ಕಾರ, ಆದ್ರ ನನ್ನ ಮಾರಿ ಬ್ಯಾಡ. ಊರಾಗ ಮಂದಿಗೆ ನಾ ಗಾಡಿ ಹಚ್ಚೇನಿ ಅಂತ ಗೊತ್ತಿಲ್ಲ" ಎಂದರಂತೆ. ಅದಕ್ಕೇ ಆ ಚಿತ್ರದಲ್ಲಿ ಕೈಗಳು, ಹಿಟ್ಟು, ಬಾಣಲೆ ಮಾತ್ರ ಇವೆ. ನೋಡಿದವರಿಗೆ ಅದು ಕಲೆಯ ಆಯ್ಕೆ ಎನಿಸಬಹುದು. ಅದು ಒಬ್ಬ ಮನುಷ್ಯನಿಗೆ ಕೊಟ್ಟ ಮಾತು. ಕೆಳಗಿನ ಬರಹದಲ್ಲಿಯೂ ಅಕ್ಕ ಅವರ ಹೆಸರು, ಊರು ಹಾಕಿಲ್ಲ. ನಾನೂ ಇಲ್ಲಿ ಹೇಳುವುದಿಲ್ಲ. ಕತೆ ಹೇಳುವುದು ಎಷ್ಟು ಮುಖ್ಯವೋ, ಎಷ್ಟು ಹೇಳಬಾರದು ಎಂಬುದೂ ಅಷ್ಟೇ ಮುಖ್ಯ. ಮೊಬೈಲ್ ಕೈಯಲ್ಲಿರುವ ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ನನ್ನ ಕಸುಬಿನ ಮಾತು. ಮೊಬೈಲಿನಲ್ಲಿ ಫೋಟೋ ತೆಗೆದಾಗ ಚಿತ್ರದ ಕಡತದೊಳಗೇ ದಿನಾಂಕ, ಸಮಯ, ಕ್ಯಾಮೆರಾದ ವಿವರ, ಕೆಲವೊಮ್ಮೆ ಸ್ಥಳವೂ ದಾಖಲಾಗುತ್ತವೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಈ ವಿವರಗಳೂ ಬಹುಮಟ್ಟಿಗೆ ಅಳಿದುಹೋಗುತ್ತವೆ. ಉಳಿಸಬೇಕಾದ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರತಿಗಳನ್ನು ಎರಡು ಕಡೆ ಇಡಿ. ಇಷ್ಟಾದರೂ ಒಂದು ಸಂಗತಿ ಉಳಿಯುತ್ತದೆ. ಯಂತ್ರ ಎಷ್ಟು ಗಂಟೆಗೆ ತೆಗೆದದ್ದೆಂದು ಹೇಳುತ್ತದೆ, ಏಕೆ ತೆಗೆದದ್ದೆಂದು ಹೇಳುವುದಿಲ್ಲ. ಅದನ್ನು ತೆಗೆದವರೇ ಹೇಳಬೇಕು, ಬದುಕಿರುವಾಗಲೇ ಹೇಳಬೇಕು.

ಇದು ದೊಡ್ಡ ಮಾತೆನಿಸಿದರೆ ಮೂರನೇ ಕೋಣೆಗೆ ಹೋಗಿ. ಅಲ್ಲಿ ನಮ್ಮ ಶಾಲೆಯ ಹಳೆಯ ಗ್ರೂಪ್ ಫೋಟೋಗಳಿವೆ. ಅವುಗಳಲ್ಲಿ ಒಂದು ಕಪ್ಪು-ಬಿಳುಪಿನದು. ಹಿಂಬದಿಯಲ್ಲಿ ಸ್ಟುಡಿಯೋದ ಮಸುಕಾದ ಮುದ್ರೆ ಬಿಟ್ಟರೆ ಏನೂ ಬರೆದಿಲ್ಲ. ಮೂವತ್ತೆಂಟು ಹುಡುಗರು, ಐವರು ಗುರುಗಳು. ನಿವೃತ್ತ ಗುರುಗಳ ಮನೆಗಳಿಗೆ ಹೋಗಿ ಕೇಳಿ ಕೇಳಿ ಇಪ್ಪತ್ತಾರು ಹುಡುಗರ ಹೆಸರು ಹುಡುಕಿದೆವು. ಗುರುಗಳ ಹೆಸರು ಎಲ್ಲವೂ ಸಿಕ್ಕವು. ಎಡಗಡೆಯ ತುದಿಯಲ್ಲಿ, ಸಾಲಿನಿಂದ ತುಸು ದೂರ, ಟೋಪಿ ಹಾಕಿಕೊಂಡು ಕೈಕಟ್ಟಿ ನಿಂತ ಒಬ್ಬರಿದ್ದಾರೆ. ಗಂಟೆ ಬಾರಿಸುತ್ತಿದ್ದ ಜವಾನರು ಎಂದು ಎಲ್ಲರಿಗೂ ನೆನಪಿದೆ. ಮಳೆಯಲ್ಲಿ ನೆನೆದು ಬಂದ ಹುಡುಗರಿಗೆ ಚಹಾ ಕುಡಿಸುತ್ತಿದ್ದರಂತೆ. ಹೆಸರು ಮಾತ್ರ ಯಾರಿಗೂ ನೆನಪಿಲ್ಲ. "ಏ, ಅವ್ರಿಗೆ ಎಲ್ಲಾರೂ ಕಾಕಾ ಅಂತಿದ್ವಿ" ಎನ್ನುತ್ತಾರೆ ಹಿರಿಯರು. ಐವತ್ತು ವರ್ಷಗಳ ಶಾಲೆಯ ದಿನ ಶುರುವಾಗುತ್ತಿದ್ದುದು ಯಾರ ಗಂಟೆಯಿಂದಲೋ ಅವರ ಹೆಸರು ಈ ಸಂಚಿಕೆಯಲ್ಲಿ ಇರಬೇಕೆಂಬುದು ನಮ್ಮ ಆಸೆ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಆ ಚಿತ್ರದ ಕೆಳಗೆ ಒಂದು ವಹಿ ಇಟ್ಟಿದ್ದೇವೆ. ಗುರುತು ಹಿಡಿದವರು ಬರೆದು ಹೋಗಿ. ಮನೆಗೆ ಹೋದ ಮೇಲೆ ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನು ತೆಗೆಯಿರಿ. ಅಜ್ಜ, ಅಜ್ಜಿ, ದೊಡ್ಡಮ್ಮಂದಿರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಡದಿಂದ ಬಲಕ್ಕೆ ಹೆಸರು, ಊರು, ವರ್ಷ, ಯಾವ ಸಂದರ್ಭ ಎಂದು ಹಿಂಬದಿಯಲ್ಲಿ ಮೆತ್ತಗೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನು ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ, ಶಾಯಿ ಹರಡುತ್ತದೆ. ಎರಡೇ ಸಾಲು ಸಾಕು.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ, ಕೇಳುವ ತಾಳ್ಮೆ ಬೇಕು. ಇಂದು ಸಂಜೆ ತೆಗೆಯುವ ಗ್ರೂಪ್ ಫೋಟೋದ ಹೆಸರುಗಳನ್ನು ಬರೆದುಕೊಳ್ಳುವ ಹೊಣೆ ಒಂಬತ್ತನೇ ತರಗತಿಯವರದು. ಗೇಟಿನ ಹತ್ತಿರ ನಿಂತವರಿಂದ ಶುರು ಮಾಡಿ.