ಮಕ್ಕಳ ಸಂಸ್ಕಾರ ಮತ್ತು ಬದುಕಿನ ವಿದ್ಯೆ

 

ಪಂಚಕಲ್ಯಾಣ ಮಹೋತ್ಸವದಲ್ಲಿ ಶಿಲೆಯು ಜಿನಬಿಂಬವಾಗಿ ಪೂಜಾರ್ಹವಾಗುತ್ತದೆ. ಆ ಬಿಂಬದ ಮುಂದೆ ನಾಳೆ ಕೈಮುಗಿದು ನಿಲ್ಲಬೇಕಾದವರು ಇಂದಿನ ಮಕ್ಕಳು. ಬಸದಿಯನ್ನು ಕಟ್ಟುವಷ್ಟೇ ಶ್ರದ್ಧೆಯಿಂದ ಅವರ ಬದುಕನ್ನೂ ಕಟ್ಟುವುದು ಶ್ರಾವಕರ ಕರ್ತವ್ಯವಾಗಿದೆ.

ಆದಿತೀರ್ಥಂಕರ ವೃಷಭನಾಥ ಸ್ವಾಮಿಯವರು ದೀಕ್ಷೆಗೆ ಮುನ್ನ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದೂ, ಪುತ್ರಿಯರಾದ ಬ್ರಾಹ್ಮಿಗೆ ಅಕ್ಷರವನ್ನು, ಸೌಂದರಿಗೆ ಅಂಕಗಳನ್ನು ಕಲಿಸಿದರೆಂದೂ ಪುರಾಣ ಹೇಳುತ್ತದೆ. ಬದುಕಲು ಬೇಕಾದ ವಿದ್ಯೆಯನ್ನು ಕಲಿಸುವುದೂ ಧರ್ಮಕಾರ್ಯವೇ. ಅದರಲ್ಲಿ ಗಂಡು ಹೆಣ್ಣೆಂಬ ಭೇದ ಸಲ್ಲದು.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಳವಿನ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಂದು ಸರಕನ್ನು ತೋರಿಸಿ ಅದನ್ನೇ ಹೋಲುವ ಕಳಪೆಯನ್ನು ಕೊಡುವುದು ಅವುಗಳಲ್ಲಿ ಸೇರಿವೆ. ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆಯನ್ನು ರಚಿಸಿದ ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆ ನಂಬಿರುವ ಕನಕಗಿರಿಯು ನಂಜನಗೂಡಿಗೆ ನೆರೆಯ ಚಾಮರಾಜನಗರ ತಾಲ್ಲೂಕಿನಲ್ಲಿಯೇ ಇದೆ.

ಈ ಪಾಠಕ್ಕೆ ನಂಜನಗೂಡಿನ ಅಂಗಡಿಬೀದಿಯೇ ಶಾಲೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ಹೆಸರಿನಲ್ಲಿ ಬೇರೆ ಬಾಳೆಯನ್ನು ಮಾರಿದರೆ ಅದು ಆಚಾರ್ಯರು ಹೇಳಿದ ಅತಿಚಾರವೇ ಸರಿ. ತಂದೆ ಹಾಗೆ ಮಾರುವುದನ್ನು ಕಂಡ ಮಗು ಪಾಠಶಾಲೆಯಲ್ಲಿ ಎಷ್ಟು ಸೂತ್ರಗಳನ್ನು ಬಾಯಿಪಾಠ ಮಾಡಿದರೇನು? ರಜಾದಿನದಲ್ಲಿ ಮಗುವಿನ ಕೈಗೆ ತಕ್ಕಡಿ ಕೊಟ್ಟು, ತೂಗುವ ಮುನ್ನ ತಟ್ಟೆಗಳು ಸಮವಾಗಿವೆಯೇ ಎಂದು ನೋಡಿಸುವುದು ಒಂದು ವ್ರತೋಪದೇಶಕ್ಕೆ ಸಮಾನ.

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರವು ರೇಷ್ಮೆನೂಲಿಗೆ ಹೆಸರಾದ ಊರು. ಅಲ್ಲಿಯ ಮಗುವೊಂದು, ಗೂಡಿನೊಳಗಿನ ಹುಳು ಏನಾಗುತ್ತದೆ ಎಂದು ಕೇಳಬಹುದು. ನೂಲು ತುಂಡಾಗದಿರಲು ಗೂಡನ್ನು ಶಾಖಕ್ಕೊಡ್ಡುತ್ತಾರೆ, ಒಳಗಿನ ಜೀವ ಸಾಯುತ್ತದೆ ಎಂಬುದೇ ಸತ್ಯವಾದ ಉತ್ತರ. ಪೂಜೆಗೆ ರೇಷ್ಮೆಯುಟ್ಟ ಹಿರಿಯರಿಗೆ ಈ ಪ್ರಶ್ನೆ ಮುಜುಗರ ತಂದೀತು. ಗದರಿಸಿದರೆ ಮಗು ಮೌನವನ್ನು ಕಲಿಯುತ್ತದೆ. ನಿಜವನ್ನು ಹೇಳಿ, ಮುಂದಿನ ಪೂಜೆಗೆ ಹತ್ತಿಯ ಮಡಿಯುಟ್ಟರೆ ಸತ್ಯ, ಅಹಿಂಸೆಗಳೆರಡನ್ನೂ ಕಲಿಯುತ್ತದೆ. ಆದರೆ ಆ ಕೆಲಸದಿಂದ ಹೊಟ್ಟೆಹೊರೆಯುವವರನ್ನು ಕೀಳಾಗಿ ಕಾಣುವುದನ್ನು ಮಾತ್ರ ಯಾರೂ ಕಲಿಸಬಾರದು.

ಇಂದು ಮಕ್ಕಳು ಓದಿಗಾಗಿ ಮೈಸೂರು, ಬೆಂಗಳೂರುಗಳ ವಿದ್ಯಾರ್ಥಿನಿಲಯ ಸೇರುತ್ತಾರೆ. ನೀರು ಸೋಸಿಕೊಡುವ ತಾಯಿ, ಸೂರ್ಯಾಸ್ತಕ್ಕೆ ಮುನ್ನ ಊಟಕ್ಕೆ ಕರೆಯುವ ಅಜ್ಜಿ ಅಲ್ಲಿರುವುದಿಲ್ಲ. ಅನ್ನ ಬೇಯಿಸಲು, ಬಟ್ಟೆ ಒಗೆಯಲು, ಸಂಜೆಯ ಬುತ್ತಿಯನ್ನು ಮೊದಲೇ ಸಿದ್ಧಮಾಡಿಕೊಳ್ಳಲು ಬಲ್ಲವರಿಗೆ ಮಾತ್ರ ನಿಯಮ ಉಳಿಯುತ್ತದೆ. ಮೊಬೈಲಿನಲ್ಲಿ ಹಣ ಪಾವತಿಸುವಾಗ ನೋಟು ಕೈಬಿಟ್ಟುಹೋಗುವುದು ಕಣ್ಣಿಗೆ ಕಾಣದು. ತಿಂಗಳ ವೆಚ್ಚಕ್ಕೆ ಮಿತಿ ಹಾಕಿಕೊಂಡು ಪ್ರತಿದಿನ ಲೆಕ್ಕ ಬರೆಯುವ ಅಭ್ಯಾಸವೇ ಪರಿಗ್ರಹ ಪರಿಮಾಣದ ಮೊದಲ ಮೆಟ್ಟಿಲು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಪ್ರತಿಯೊಂದು ಮಗುವಿಗೂ ಒಂದು ಕೆಲಸ, ಒಂದು ಲೆಕ್ಕದ ಪುಸ್ತಕ ಇರಲಿ. ಅಷ್ಟಮಿ, ಚತುರ್ದಶಿಗಳ ಸಂಜೆ ಹಿರಿಯರು ತಮ್ಮ ಲೆಕ್ಕವನ್ನೂ ಮಕ್ಕಳ ಮುಂದೆ ತೆರೆದಿಡಲಿ. ಪ್ರತಿಷ್ಠೆಗೊಂಡ ಜಿನಬಿಂಬದ ಸನ್ನಿಧಿಯಲ್ಲಿ ಶ್ರಾವಕರು ಈ ಸಂಕಲ್ಪವನ್ನು ಕೈಗೊಳ್ಳುವಂತಾಗಲಿ.

ಜೈ ಜಿನೇಂದ್ರ.