ಮಣ್ಣಿನ ನಕ್ಷೆಯೂ ನಮ್ಮ ಕೆಳಗಿನ ಹೊಲವೂ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ ಎಂದರು ಹೆಡ್‌ಮಾಸ್ಟರು. ನಾನು ಮಣ್ಣಿನ ಬಗ್ಗೆ ಹೇಳುತ್ತೇನೆ. ಈಗ ಎರಡಕ್ಕೂ ನಂಟು ಬೆಳೆದಿದೆ.

ನೆದರ್ಲೆಂಡ್ಸ್ ದೇಶದ ವಾಗನಿಂಗನ್ ಊರಿನಲ್ಲಿ ಐಸ್ರಿಕ್ ಎಂಬ ಸಂಸ್ಥೆಯಿದೆ. ಪ್ರಪಂಚದ ಮಣ್ಣಿನ ಮಾಹಿತಿಯನ್ನು ಕೂಡಿಡುವುದು ಅದರ ಕೆಲಸ. ಅವರು ಮಾಡಿರುವ ನಕ್ಷೆಯ ಹೆಸರು ಸಾಯಿಲ್‌ಗ್ರಿಡ್ಸ್. ಭೂಮಿಯನ್ನು 250 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ, ಒಂದೊಂದು ಚೌಕದಲ್ಲೂ ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರದ ಗುಣ, ಎಷ್ಟು, ಜೇಡಿ ಎಷ್ಟು, ಮರಳು ಎಷ್ಟು, ಸಾವಯವ ಇಂಗಾಲ ಎಷ್ಟು ಎಂದು ಎರಡು ಮೀಟರ್ ಆಳದವರೆಗೆ ಹೇಳುತ್ತದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಹಾಗೆಂದು ಪ್ರತಿ ಚೌಕದಲ್ಲೂ ಗುಂಡಿ ತೋಡಿಲ್ಲ. 2021ರಲ್ಲಿ ಅವರು ಪ್ರಕಟಿಸಿದ ಕೆಲಸಕ್ಕೆ ಆಧಾರ ಇಡೀ ಪ್ರಪಂಚದ ಸುಮಾರು 2,40,000 ಜಾಗಗಳ ಮಣ್ಣು. ಉಳಿದದ್ದೆಲ್ಲ ಅಂದಾಜು. ಹವೆ, ಜೀವಿಗಳು, ನೆಲದ ಏರುತಗ್ಗು, ತಳದ ಕಲ್ಲು, ಕಾಲ ಈ ಐದೂ ಸೇರಿ ಮಣ್ಣಾಗುತ್ತದೆ ಎಂದು ಹ್ಯಾನ್ಸ್ ಜೆನ್ನಿ ಎಂಬ ವಿಜ್ಞಾನಿ 1941ರಲ್ಲೇ ಬರೆದಿದ್ದರು. ನಮ್ಮ ಹಿರಿಯರೂ ದಿನ್ನೆ ಕಂಡರೆ ಕೆಂಪು ಮಣ್ಣು, ತಗ್ಗು ಕಂಡರೆ ಎರೆ ಮಣ್ಣು ಎನ್ನುತ್ತಿದ್ದರಲ್ಲ, ಕಂಪ್ಯೂಟರಿಗೂ ಅದೇ ಪಾಠ. ಮಳೆ, ಬಿಸಿಲು, ಇಳಿಜಾರು, ಉಪಗ್ರಹಕ್ಕೆ ಕಂಡ ಹಸಿರು ಇವನ್ನೆಲ್ಲ ಕೊಟ್ಟು, ಗುಂಡಿ ತೋಡಿದ ಕಡೆಯ ಮಣ್ಣನ್ನು ತೋರಿಸಿ, ತೋಡದ ಕಡೆ ಹೇಗಿರಬಹುದು ಎಂದು ಕೇಳುತ್ತಾರೆ.

ಈ ಲೆಕ್ಕಕ್ಕೆ ರ‍್ಯಾಂಡಮ್ ಫಾರೆಸ್ಟ್ ಎಂದು ಹೆಸರು. ಅರಳಿಕಟ್ಟೆಯ ಮೇಲೆ ನೂರಾರು ಜನರನ್ನು ಕೂರಿಸಿದ ಹಾಗೆ. ಒಬ್ಬೊಬ್ಬರೂ ಬೇರೆ ಬೇರೆ ಗುಂಡಿಗಳನ್ನು ನೋಡಿ ಬಂದವರು. ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರೆ ಅಂದಾಜನ್ನು ನಂಬಬಹುದು. ತಲೆಗೊಂದು ಮಾತಾಡಿದರೆ ಎಚ್ಚರವಾಗಿರಬೇಕು. ಈ ನಕ್ಷೆ ಅದನ್ನೂ ಮುಚ್ಚಿಡುವುದಿಲ್ಲ. ನಡುವಿನ ಅಂಕಿಯ ಜೊತೆಗೆ, ಇಷ್ಟರಿಂದ ಇಷ್ಟರವರೆಗೆ ಇರಬಹುದು ಎಂದೂ ತೋರಿಸುತ್ತದೆ.

ನಾನು ಅದನ್ನು ನೋಡಲಿಲ್ಲ. ಕೆಳಗಿನ ಹೊಲಕ್ಕೆ ಜಿಪ್ಸಮ್ ಹಾಕಬೇಕು ಎಂದು ಚಿಕ್ಕಪ್ಪ ಫೋನಿನಲ್ಲಿ ಹೇಳಿದಾಗ, ಬೆಂಗಳೂರಿನಲ್ಲಿ ಕೂತು ನಡುವಿನ ಅಂಕಿ ಒಂದನ್ನೇ ಓದಿ, "ಬೇಡ ಚಿಕ್ಕಪ್ಪ, ಸುಮ್ಮನೆ ದುಡ್ಡು ದಂಡ" ಎಂದೆ. ಓದಿದ ಹುಡುಗನ ಮಾತು ಎಂದು ಅವರು ಬಿಟ್ಟರು. ಆ ವರ್ಷ ಅಲ್ಲಿ ಪೈರು ಮೇಲೇಳಲಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದರೆ ಮಣ್ಣು ಚೌಳು. ಚಿಕ್ಕಪ್ಪ ಬೈಯಲಿಲ್ಲ. "ಅಲ್ಲಪ್ಪಾ, ಅವರು ನಮ್ಮ ಹೊಲಕ್ಕೆ ಯಾವಾಗ ಬಂದಿದ್ರು?" ಎಂದು ಕೇಳಿದರು, ಅಷ್ಟೆ.

ಆಗ ಲೆಕ್ಕ ಹಾಕಿ ನೋಡಿದೆ. ನಕ್ಷೆಯ ಒಂದು ಚೌಕ ಎಂದರೆ ಸುಮಾರು ಹದಿನೈದೂವರೆ ಎಕರೆ. ಅಷ್ಟರೊಳಗೆ ನಮ್ಮ ದಿನ್ನೆಯೂ ಇದೆ, ತಗ್ಗೂ ಇದೆ. ದೇಶಕ್ಕೆ, ಜಿಲ್ಲೆಗೆ ಯೋಜನೆ ಮಾಡುವವರಿಗೆ ಆ ನಕ್ಷೆ ದೊಡ್ಡ ವರ. ಒಂದು ಹೊಲಕ್ಕೆ ಬೇಕಾದದ್ದು ಆ ಹೊಲದ್ದೇ ಒಂದು ಹಿಡಿ ಮಣ್ಣು.

ಆದ್ದರಿಂದ ಮಕ್ಕಳೇ, ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಹೊಲದ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ತೆಗೆದು, ಪಕ್ಕದಿಂದ ಮಣ್ಣು ಕೆರೆದು, ಬೆರೆಸಿ, ಅರ್ಧ ಕೆ.ಜಿ. ಉಳಿಸಿಕೊಳ್ಳಿ. ದಿನ್ನೆಯದನ್ನೂ ತಗ್ಗಿನದನ್ನೂ ಬೆರೆಸಬೇಡಿ. ಚೀಟಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಫಲಿತಾಂಶ ಬಂದ ಮೇಲೆ ನಮ್ಮ ಶಾಲೆಯಲ್ಲೇ ಊರಿನ ಮಣ್ಣಿನ ನಕ್ಷೆ ಬರೆಯೋಣ. ಕಂಪ್ಯೂಟರ್ ಕೆಲಸ ನನ್ನದು. ಯಾವ ಹೊಲ ಎಲ್ಲಿ ತಿರುಗುತ್ತದೆ ಎಂದು ತೋರಿಸಲು ಚಿಕ್ಕಪ್ಪ ಒಪ್ಪಿದ್ದಾರೆ.

ಈ ಶಾಲೆಯ ಋಣ ದೊಡ್ಡದು. ಅದರಲ್ಲಿ ಇಷ್ಟನ್ನಾದರೂ ತೀರಿಸುವ ಆಸೆ.