ಐಎಎಸ್, ಕೆಎಎಸ್ ಪರೀಕ್ಷೆ: ಮಗಳು ಯಾವ ವಿಷಯ ತಗೊಳ್ಳಬೇಕು?

(ನಿಟ್ಟೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹರೂಪ)



ಸಂಘದ ಸಾಲ ಅಂದ್ರೆ ಮೊದಲೆಲ್ಲ ದನ ಕೊಳ್ಳಲಿಕ್ಕೆ, ಮಾಡಿಗೆ ಹೆಂಚು ಹೊದಿಸಲಿಕ್ಕೆ, ಆಸ್ಪತ್ರೆ ಖರ್ಚಿಗೆ, ಮದುವೆಗೆ. ಈಗ ಇನ್ನೊಂದು ಕಾರಣ ಸೇರಿದೆ. "ಮಗಳದ್ದು ಡಿಗ್ರಿ ಆಯ್ತು, ಐಎಎಸ್ ಕೋಚಿಂಗಿಗೆ ಬೆಂಗಳೂರಿಗೆ ಹೋಗ್ತಾಳಂತೆ." ಕೇಳಿ ನಮಗೂ ಸಂತೋಷವೇ. ಆದರೆ ಯಾವ ಪರೀಕ್ಷೆ, ಯಾವ ವಿಷಯ ಅಂತ ಕೇಳಿದರೆ ತಾಯಿಗೆ ಗೊತ್ತಿಲ್ಲ, ಎಷ್ಟೋ ಸಲ ಮಗಳಿಗೂ ಗೊತ್ತಿಲ್ಲ. "ಅದನ್ನ ಕೋಚಿಂಗಿನವರೇ ಹೇಳ್ತಾರೆ" ಅನ್ನುತ್ತಾರೆ. ಸಾಲ ತೀರಿಸುವವರು ನೀವು, ಓದುವವಳು ಮಗಳು, ವಿಷಯ ಆರಿಸುವವರು ಮಾತ್ರ ಬೇರೆ ಯಾರೋ! ಹಾಗಾಗಿ ಇವತ್ತು ಈ ಒಂದೇ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಐಎಎಸ್, ಐಪಿಎಸ್ ಮುಂತಾದವಕ್ಕೆ ದಿಲ್ಲಿಯ ಕೇಂದ್ರ ಲೋಕಸೇವಾ ಆಯೋಗ, ಅಂದರೆ ಯುಪಿಎಸ್‌ಸಿ, ಪರೀಕ್ಷೆ ಮಾಡುತ್ತದೆ. ತಹಶೀಲ್ದಾರ್, ಎ.ಸಿ. ಮುಂತಾದ ರಾಜ್ಯದ ಹುದ್ದೆಗಳಿಗೆ ಬೆಂಗಳೂರಿನ ಕೆಪಿಎಸ್‌ಸಿ ಮಾಡುವುದು ಕೆಎಎಸ್ ಪರೀಕ್ಷೆ. ನಮ್ಮ ಬಗರ್‌ಹುಕುಂ ಅರ್ಜಿ, ಶರಾವತಿ ಮುಳುಗಡೆಯವರ ಜಾಗದ ಕಾಗದ, ವಿಧವಾ ವೇತನ ಇವೆಲ್ಲ ಹೊಸನಗರದ ತಾಲ್ಲೂಕು ಕಚೇರಿ, ಸಾಗರದ ಎ.ಸಿ. ಕಚೇರಿ ಅಂತ ಅಲೆಯುತ್ತವಲ್ಲ, ಆ ಕುರ್ಚಿಗಳಲ್ಲಿ ಕೂರುವವರು ಇಂಥ ಪರೀಕ್ಷೆಗಳಿಂದ ಬರುತ್ತಾರೆ. ಈ ಕಾಡು, ಈ ಮಳೆ, ಈ ದಾರಿ ಗೊತ್ತಿರುವ ಒಬ್ಬ ಹುಡುಗಿ ಅಲ್ಲಿ ಕೂತರೆ ಎಷ್ಟು ವ್ಯತ್ಯಾಸ ಆದೀತು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಇನ್ನು ವಿಷಯದ ಮಾತು. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಹಿಂದೆ ಐಚ್ಛಿಕ ವಿಷಯ ಇತ್ತು, ಈಗ ಇಲ್ಲ. ಪ್ರಬಂಧಕ್ಕೆ 250 ಅಂಕ, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ ತಲಾ 250. ಒಟ್ಟು 1250. ಇದರ ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ತೇರ್ಗಡೆ ಆಗಲೇಬೇಕು. ಆದ್ದರಿಂದ ಕೆಎಎಸ್ ಒಂದನ್ನೇ ಬರೆಯುವ ಮಗಳಿಗೆ "ಐಚ್ಛಿಕ ವಿಷಯದ ಕೋಚಿಂಗ್" ಅಂತ ಯಾರಾದರೂ ಬೇರೆ ಫೀಸು ಕೇಳಿದರೆ, ಯಾತಕ್ಕೆ ಅಂತ ತಿರುಗಿ ಕೇಳಿ. ಹಳೇ ಪುಸ್ತಕ, ಹಳೇ ಸಲಹೆ ಇನ್ನೂ ಪೇಟೆಯಲ್ಲಿ ಓಡಾಡುತ್ತಿವೆ.

ಐಚ್ಛಿಕ ವಿಷಯ ಬೇಕಾಗುವುದು ಯುಪಿಎಸ್‌ಸಿ ಪರೀಕ್ಷೆಗೆ. ಅಲ್ಲಿಯೂ ನಿಯಮ ಬದಲಾಗಿದೆ. 2010ರವರೆಗೆ ಪ್ರಿಲಿಮ್ಸ್‌ನಲ್ಲೇ ಒಂದು ವಿಷಯ ಆರಿಸಬೇಕಿತ್ತು, 2012ರವರೆಗೆ ಮುಖ್ಯ ಪರೀಕ್ಷೆಯಲ್ಲಿ ಎರಡು ವಿಷಯ ಇದ್ದವು. 2013ರಿಂದ ಮುಖ್ಯ ಪರೀಕ್ಷೆಗೆ ಒಂದೇ ವಿಷಯ, ಅದರಲ್ಲಿ ಎರಡು ಪತ್ರಿಕೆ, ಒಟ್ಟು 500 ಅಂಕ. ಸಂದರ್ಶನದ 275 ಸೇರಿಸಿ ಇಡೀ ಲೆಕ್ಕ 2025 ಅಂಕ. ಅಂದರೆ ನಾಲ್ಕರಲ್ಲಿ ಒಂದು ಪಾಲು ಈ ಒಂದು ವಿಷಯದ ಮೇಲೆ ನಿಂತಿದೆ.

"ಹಾಗಾದ್ರೆ ಪಿಯುಸಿಯಲ್ಲೇ ಸೈನ್ಸ್ ಹಾಕಬೇಕಿತ್ತಾ?" ಅಂತ ತಾಯಂದಿರು ಕೇಳುತ್ತಾರೆ. ಬೇಡ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವ ಪದವಿಯಾದರೂ ಸಾಕು; ಬಿ.ಎ. ಆದರೂ ಆಯಿತು, ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಓದಿದ ಪದವಿ ಆದರೂ ಆಯಿತು. ಪದವಿಯಲ್ಲಿ ಓದಿದ ವಿಷಯವನ್ನೇ ಪರೀಕ್ಷೆಗೂ ತಗೊಳ್ಳಬೇಕು ಅಂತಲೂ ಇಲ್ಲ. ಕೋಲಾರದ ಕೆ.ಆರ್. ನಂದಿನಿ ಸಿವಿಲ್ ಇಂಜಿನಿಯರಿಂಗ್ ಓದಿದವರು. ಯುಪಿಎಸ್‌ಸಿ ಪಟ್ಟಿಯಲ್ಲಿ ಸಿವಿಲ್ ಇಂಜಿನಿಯರಿಂಗೂ ಇದೆ. ಆದರೂ ಅವರು ಆರಿಸಿಕೊಂಡದ್ದು ಕನ್ನಡ ಸಾಹಿತ್ಯ. 2016ನೇ ಸಾಲಿನ ಪರೀಕ್ಷೆಯಲ್ಲಿ ಇಡೀ ದೇಶಕ್ಕೇ ಮೊದಲ ಸ್ಥಾನ ಬಂತು. ಕನ್ನಡ ತಗೊಂಡರೆ ಮರ್ಯಾದೆ ಕಡಿಮೆ ಅನ್ನುವವರಿಗೆ ಈ ಒಂದು ಉದಾಹರಣೆ ಹೇಳಿ.

ಕನ್ನಡ ಸಾಹಿತ್ಯ ಅಂದರೆ ಸುಲಭ ಅಂತ ಮಾತ್ರ ತಿಳಿಯಬೇಡಿ. ಪಂಪನ ಹಳಗನ್ನಡ ಓದಬೇಕು, ವಡ್ಡಾರಾಧನೆ ಓದಬೇಕು, ಭಾಷೆಯ ಚರಿತ್ರೆ ಓದಬೇಕು. ಆದರೆ ಅದೇ ಪಟ್ಟಿಯಲ್ಲಿ ಕುಮಾರವ್ಯಾಸನ ಕರ್ಣಪರ್ವ ಇದೆ. ತಾಳಮದ್ದಲೆಯಲ್ಲಿ ಕರ್ಣನ ಕಥೆ ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಅದೇನು ಪರಕೀಯವೇ? ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ 'ಶೂದ್ರ ತಪಸ್ವಿ', ಕಾರಂತರ 'ಬೆಟ್ಟದ ಜೀವ', ಅನುಪಮಾ ನಿರಂಜನರ 'ಮಾಧವಿ', ದೇವನೂರರ 'ಒಡಲಾಳ' ಇವೆ. 'ಒಡಲಾಳ'ದ ಸಾಕವ್ವ ಕಳೆದುಹೋದ ಕೋಳಿ ಹುಡುಕುತ್ತಾ ಹೋಗುವುದನ್ನು ಓದಿದರೆ ಇಲ್ಲಿ ಕೂತಿರುವ ಅರ್ಧಕ್ಕರ್ಧ ಜನ ಅದರ ಮೇಲೆ ನಾಲ್ಕು ಮಾತಾಡಬಲ್ಲಿರಿ!

ಸಮಾಜಶಾಸ್ತ್ರವೂ ಹಾಗೆಯೇ. ಯುಪಿಎಸ್‌ಸಿ ಸಮಾಜಶಾಸ್ತ್ರದ ಪಠ್ಯದಲ್ಲಿ ಅಭಿವೃದ್ಧಿ ಯೋಜನೆಗಳಿಂದ ಜನ ಮನೆಮಠ ಬಿಟ್ಟು ಏಳಬೇಕಾಗುವ ವಿಚಾರ ಒಂದು ಪಾಠ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದು ಬಂದವರ ಮೊಮ್ಮಕ್ಕಳಿಗೆ ಅದನ್ನು ಗೈಡ್ ನೋಡಿಯೇ ಕಲಿಯಬೇಕೆಂದಿಲ್ಲ, ಅಜ್ಜಿಯನ್ನು ಕೇಳಿದರೂ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧಕ್ಕೆ ಶಾಸ್ತ್ರ ಓದಲೇಬೇಕು ಅನ್ನಿ. ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಎಲ್ಲ ಅಭ್ಯರ್ಥಿಗಳೂ ಓದಬೇಕಾದ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯ ಪಠ್ಯದಲ್ಲಿ ಸ್ವಸಹಾಯ ಸಂಘಗಳ ಪಾತ್ರ ಅಂತಲೇ ಬರೆದಿದೆ. ನಮ್ಮ ವಾರದ ಉಳಿತಾಯ, ನಿರ್ಣಯ ಪುಸ್ತಕ, ಬ್ಯಾಂಕ್ ಲಿಂಕೇಜ್, ಇದೆಲ್ಲಾ ಅವರಿಗೆ ಪಾಠ! ಮಗಳನ್ನು ಒಂದೆರಡು ಸಭೆಗೆ ಕರೆದುಕೊಂಡು ಬನ್ನಿ, ಪುಸ್ತಕ ಬರೆಯಲು ಕೂರಿಸಿ.

ಹಾಗಾದರೆ ಆರಿಸುವುದು ಹೇಗೆ? "ಈ ವಿಷಯಕ್ಕೆ ಮಾರ್ಕ್ಸ್ ಜಾಸ್ತಿ", "ಆ ವಿಷಯದ ಪಠ್ಯ ಚಿಕ್ಕದು" ಅನ್ನುವ ಮಾತು ಪ್ರತಿವರ್ಷ ಹುಟ್ಟುತ್ತದೆ. ನಮಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾವ ವಿಷಯ ತಗೊಂಡವರು ಎಷ್ಟು ಮಂದಿ, ಅದರಲ್ಲಿ ಆಯ್ಕೆ ಆದವರೆಷ್ಟು ಅನ್ನುವುದನ್ನು ಆಯೋಗವೇ ತನ್ನ ವಾರ್ಷಿಕ ವರದಿಯಲ್ಲಿ ಕೊಡುತ್ತದೆ, ಮಗಳು ಅದನ್ನೇ ನೋಡಲಿ. ಅದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲೇ ಇದೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಆಯೋಗದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮನಸ್ಸಿಗೆ ಬಂದ ಎರಡು ವಿಷಯಗಳ ಪತ್ರಿಕೆ ತೆಗೆಸಿ. ಒಂದು ತಿಂಗಳು ಅವುಗಳನ್ನೇ ಓದಲಿ. ಆಮೇಲೆ ಮೂರು ಗಂಟೆ ಕೂತು ಬರೆಯಲಿ. ಯಾವುದರಲ್ಲಿ ಪೆನ್ನು ಓಡಿತು, ಯಾವುದನ್ನು ಓದುವಾಗ ನಿದ್ದೆ ಬಂತು, ಅಷ್ಟರಲ್ಲೇ ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಪುಸ್ತಕ ಯಾವ ಭಾಷೆಯಲ್ಲಿ ಸಿಗುತ್ತದೆ, ಬರೆದದ್ದನ್ನು ತಿದ್ದಿಕೊಡುವವರು ಹತ್ತಿರದಲ್ಲಿ ಇದ್ದಾರಾ ಅಂತಲೂ ವಿಚಾರಿಸಿ. ಶಿವಮೊಗ್ಗ, ಸಾಗರದ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಮೇಷ್ಟ್ರುಗಳಿದ್ದಾರೆ. ವಿನಯದಿಂದ ಕೇಳಿದರೆ ಬೇಡ ಅನ್ನುವವರು ಕಡಿಮೆ.

ಭಾಷೆಯ ವಿಚಾರ ಸ್ಪಷ್ಟವಾಗಿರಲಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. 1980ರ ದಶಕದಲ್ಲೇ ಕೆ. ಶಿವರಾಮ್ ಅವರು ಕನ್ನಡದಲ್ಲಿ ಬರೆದು ಐಎಎಸ್ ಆದರು. ಆಮೇಲೆ ಸಿನಿಮಾದಲ್ಲೂ ನಟಿಸಿದರಲ್ಲ, ಅವರೇ. ಆದರೆ ಸಾಹಿತ್ಯ ಮತ್ತು ಭಾಷಾ ಪತ್ರಿಕೆ ಬಿಟ್ಟರೆ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತವೆ. ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ 300ಕ್ಕೆ 75 ಬಾರದಿದ್ದರೆ ಬೇರೆ ಪತ್ರಿಕೆಗಳನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕೆಪಿಎಸ್‌ಸಿ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಆದರೆ 2024ರ ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ಮಾಡಬೇಕಾಯಿತು. ಹಾಗಾಗಿ ಬರೆಯುವುದು ಕನ್ನಡದಲ್ಲಾದರೂ ಮಗಳು ದಿನಕ್ಕೊಂದು ಇಂಗ್ಲಿಷ್ ಪೇಪರ್ ಓದಲಿ.

ಇನ್ನು ಸಾಲದ ಅರ್ಜಿ. ಸಂಘದ ಸಭೆಗೆ ಇಂಥ ಅರ್ಜಿ ಬಂದಾಗ ಇಷ್ಟನ್ನು ಕೇಳಿ: ಯಾವ ಪರೀಕ್ಷೆ? ವಿಷಯ ಯಾವುದು, ಅದನ್ನು ಬರೆದು ನೋಡಿದ್ದಾಳಾ? ಸರ್ಕಾರದ ತರಬೇತಿಗೆ ಅರ್ಜಿ ಹಾಕಿದ್ದಾಳಾ? ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳು ಪ್ರವೇಶ ಪರೀಕ್ಷೆ ಮಾಡಿ ಉಚಿತವಾಗಿ ತರಬೇತಿ ಕೊಡಿಸುತ್ತವೆ. ಅದು ಸಿಕ್ಕಿದರೆ ಸಂಘದ ಹಣ ಪುಸ್ತಕಕ್ಕೆ, ಬಸ್ಸಿಗೆ ಸಾಕಾಗುತ್ತದೆ. ಕೇಳಿದರೆ ಆ ತಾಯಿಗೆ ಬೇಸರ ಆದೀತು ಅಂತ ಸುಮ್ಮನಾಗಬೇಡಿ. ದನ ಕೊಳ್ಳುವಾಗ ಹಾಲೆಷ್ಟು ಕೊಡುತ್ತೆ ಅಂತ ಕೇಳುವುದಿಲ್ವಾ?

ಯುಪಿಎಸ್‌ಸಿಗೆ ವಯಸ್ಸು 21 ತುಂಬಿರಬೇಕು. ಸಾಮಾನ್ಯ ವರ್ಗಕ್ಕೆ 32ರವರೆಗೆ 6 ಸಲ, ಹಿಂದುಳಿದ ವರ್ಗಕ್ಕೆ 35ರವರೆಗೆ 9 ಸಲ ಬರೆಯಬಹುದು. ಪರಿಶಿಷ್ಟರಿಗೆ 37ರವರೆಗೆ ಸಲದ ಲೆಕ್ಕವಿಲ್ಲ. ಮದುವೆಯಾದ ಸೊಸೆಯಂದಿರೂ ಇದರೊಳಗೆ ಬರುತ್ತಾರೆ, ಮಗಳ ಬಗ್ಗೆ ಮಾತ್ರ ಯೋಚಿಸಬೇಡಿ. ಪ್ರಿಲಿಮ್ಸ್ ಅರ್ಜಿಗೆ ಗಂಡುಮಕ್ಕಳಿಗಾದರೆ 100 ರೂಪಾಯಿ ಶುಲ್ಕ ಇದೆ. ಹೆಣ್ಣುಮಕ್ಕಳಿಗೆ ಅದೂ ಇಲ್ಲ.